ಹಳಿ ದಾಟಲು ಇಟ್ಟುಕೊಂಡ ನಂಬರು

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕ್ಕವನಿದ್ದಾಗ ಬಾವಿಯ ಕಟ್ಟೆಗೆ ಒರಗಿ ನಿಲ್ಲುತ್ತಿರಲಿಲ್ಲ, ಎತ್ತಿನ ಕೋಡಿಗೆ ಎರಡು ಮಾರು ದೂರ ಇರುತ್ತಿದ್ದೆ, ಕರೆಂಟಿನ ಸ್ವಿಚ್ಚನ್ನು ಕೋಲಿನ ತುದಿಯಿಂದ ಒತ್ತುತ್ತಿದ್ದೆ. ಇಂಥವನಿಗೆ ಮದುವೆಯಾದದ್ದು ಕಿವಿ ಕೇಳದ ಹುಡುಗಿಯ ಜೊತೆ. ಬೆಂಗಳೂರಿಗೆ ಬಂದು ಮನೆ ಮಾಡಿದ್ದು ಚಿಕ್ಕಬಾಣಾವರದಲ್ಲಿ, ರೈಲು ಹಳಿಗೆ ಹತ್ತಿರ.

ಹೆಂಡತಿ ನನ್ನ ಸೋದರಮಾವನ ಮಗಳು. ಗದಗಿನ ಕಡೆಯ ನಮ್ಮ ಊರಲ್ಲಿ ಒಂದೇ ಓಣಿಯಲ್ಲಿ ಬೆಳೆದವರು ನಾವು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳುವುದಿಲ್ಲ, ಬಾಯಿ ಮಾತೂ ಇಲ್ಲ. ಆದರೆ ಕೈಮಾತಿನಲ್ಲಿ ಅವಳನ್ನು ಗೆದ್ದವರನ್ನು ನಾನು ಕಂಡಿಲ್ಲ. ಕೆಲವು ಸನ್ನೆಗಳನ್ನು ಅವಳು ಶಾಲೆಯಲ್ಲಿ ಕಲಿತಿದ್ದಳು, ಉಳಿದವನ್ನು ನಾವಿಬ್ಬರೂ ಆಟದ ವಯಸ್ಸಿನಲ್ಲೇ ಕಟ್ಟಿಕೊಂಡಿದ್ದೆವು. ಇಲ್ಲಿ ಅವಳು ಹೇಳಿದಳು ಎಂದು ಬರೆದಾಗಲೆಲ್ಲ ಅದು ಕೈಯಲ್ಲಿ ಹೇಳಿದ್ದು ಎಂದು ತಿಳಿಯಬೇಕು. ಯಾರಾದರೂ ಅವಳನ್ನು ಮೂಗಿ ಎಂದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಪುಕ್ಕಲನಾದರೂ ಆ ಒಂದು ಮಾತಿಗೆ ನಾನು ಎಂಥವರ ಮೇಲಾದರೂ ಏರಿ ಹೋಗುತ್ತಿದ್ದೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೆ. ಲೇತ್ ಯಂತ್ರದಲ್ಲಿ ಕಡೆದು ಬಂದ ಕಬ್ಬಿಣದ ಭಾಗಗಳನ್ನು ಅಳೆದು ಸರಿ ಇದ್ದದ್ದನ್ನು ಒಂದು ಟ್ರೇಗೆ, ಕೆಟ್ಟದ್ದನ್ನು ಇನ್ನೊಂದು ಟ್ರೇಗೆ ಹಾಕುವ ಕೆಲಸ. ಹೆದರುವ ಸ್ವಭಾವದವರಿಗೆ ಹೇಳಿ ಮಾಡಿಸಿದ ನೌಕರಿ ಅದು. ಅಳೆದದ್ದನ್ನೇ ಮತ್ತೆ ಅಳೆದರೂ ಯಾರೂ ಬೈಯುವುದಿಲ್ಲ. ಹೆಂಡತಿ ಹಳಿಯ ಆಚೆ ಬದಿಯ ಒಂದು ಸಣ್ಣ ಟೈಲರಿಂಗ್ ಘಟಕದಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಮೊದಲ ಕೆಲವು ತಿಂಗಳು ನನಗೆ ಜನರಲ್ ಶಿಫ್ಟ್ ಇತ್ತು. ಬೆಳಗ್ಗೆ ಅವಳ ಜೊತೆ ಹಳಿ ದಾಟಿ, ಅವಳನ್ನು ಘಟಕದ ಬಾಗಿಲಿಗೆ ಬಿಟ್ಟು, ಆಮೇಲೆ ನಾನು ಬಸ್ಸು ಹಿಡಿಯುತ್ತಿದ್ದೆ. ಆಮೇಲೆ ನನ್ನನ್ನು ಫಸ್ಟ್ ಶಿಫ್ಟಿಗೆ ಹಾಕಿದರು. ಬೆಳಕು ಹರಿಯುವ ಮೊದಲೇ ನಾನು ಮನೆ ಬಿಡಬೇಕು, ಅವಳು ಎಂಟೂವರೆಗೆ ಒಬ್ಬಳೇ ಹಳಿ ದಾಟಬೇಕು. ಸಂಜೆ ಮಾತ್ರ ನಾನೇ ಹೋಗಿ ಕರೆತರುತ್ತಿದ್ದೆ.

ಸುತ್ತು ಹಾಕಿ ಹೋದರೆ ರೈಲ್ವೆ ಗೇಟು ಇತ್ತು. ಆದರೆ ನಮ್ಮ ಬೀದಿಯವರು ಯಾರೂ ಗೇಟಿಗೆ ಹೋಗುತ್ತಿರಲಿಲ್ಲ. ಹಳಿಯ ಕೆಳಗಿನಿಂದ ಕಿತ್ತು ಬೇಲಿಗೆ ನೆಟ್ಟ ಹಳೆಯ ಸ್ಲೀಪರ್ ಕಲ್ಲುಗಳ ಮಧ್ಯೆ ಜನ ನುಸುಳಿ ನುಸುಳಿ ಒಂದು ದಾರಿ ಆಗಿತ್ತು. ಹಾಲಿನವರು, ಶಾಲೆ ಮಕ್ಕಳು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎಲ್ಲರೂ ಅಲ್ಲೇ ದಾಟುತ್ತಿದ್ದರು. ರೈಲು ಬಂದರೆ ಕೂಗು ಕೇಳಿ ನಿಲ್ಲುತ್ತಿದ್ದರು. ಕೂಗು ಕೇಳಿ! ನಾನು ಹೆದರುತ್ತಿದ್ದುದು ಆ ಮಾತಿಗೇ. ಒಂದು ಭಾನುವಾರ ನಾನು ಆ ಜಾಗದಲ್ಲಿ ನಿಂತು ನೋಡಿದೆ. ತುಮಕೂರು ಕಡೆಯಿಂದ ಬರುವ ರೈಲು ತಿರುವು ದಾಟುವವರೆಗೂ ಕಾಣುವುದಿಲ್ಲ, ಕಂಡ ಮೇಲೆ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಕಿವಿ ಇದ್ದವರಿಗೆ ಅದು ತಿರುವಿನ ಆಚೆಯೇ ಗೊತ್ತಾಗುತ್ತದೆ. ಅಂದು ಮನೆಗೆ ಬಂದವನಿಗೆ ಊಟ ಸೇರಲಿಲ್ಲ.

ಹಳಿಯ ಆಚೆಗೇ ಮನೆ ಮಾಡೋಣ, ಇಲ್ಲವೇ ಗೇಟು ಸುತ್ತಿ ಹೋಗು ಎಂದೆ. ಹೆಂಡತಿ ಒಪ್ಪಲಿಲ್ಲ. ನಮ್ಮ ವಠಾರದ ಓನರಮ್ಮ ಆ ಊರಿನ ಹಳೆಯ ಒಕ್ಕಲು ಮನೆಯವರು. ಹೊಲ ಇದ್ದ ಜಾಗದಲ್ಲಿ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅವರು ಸನ್ನೆ ಕಲಿಯದಿದ್ದರೂ ಹೇಗೋ ನನ್ನ ಹೆಂಡತಿಯ ಜೊತೆ ಸಂಜೆಯಿಡೀ ಮಾತಾಡುತ್ತಿದ್ದರು. "ನಿನ್ ಎಂಡ್ರು ಬಾಯಿ ಇರೋರ್ಗಿಂತ ವಾಸಿ ಕಣಪ್ಪ, ನನ್ ಸೊಸೇರ್ ತರ ಎದುರು ವಾದಿಸಲ್ಲ" ಎನ್ನುತ್ತಿದ್ದರು. ಅವಳು ಕೈಯಲ್ಲಿ ಎಷ್ಟು ವಾದಿಸುತ್ತಾಳೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಂಥ ಮನೆ ಬಿಟ್ಟು ಬರುವುದಿಲ್ಲ, ಊರೆಲ್ಲ ದಾಟುವ ಹಳಿ ನಾನೂ ದಾಟುತ್ತೇನೆ ಎಂದು ಅವಳು ಹಟ ಹಿಡಿದಳು.

ಆಗಷ್ಟೇ ತ್ರೀಜಿ ಬಂದಿತ್ತು. ನಮ್ಮ ಕಾರ್ಖಾನೆಯವರು ಒಂದು ಫೋನ್ ಕಂಪನಿಯ ಜೊತೆ ಮಾತಾಡಿ ಕೆಲಸಗಾರರಿಗೆಲ್ಲ ಪೋಸ್ಟ್‌ಪೇಯ್ಡ್ ನಂಬರು ಕೊಡಿಸಿದರು. ಒಬ್ಬೊಬ್ಬರಿಗೆ ಒಂದು ನಂಬರು, ಜೊತೆಗೆ ಮನೆಯವರಿಗೆ ಇನ್ನೊಂದು, ಅದಕ್ಕೆ ಫ್ಯಾಮಿಲಿ ನಂಬರು ಎಂದು ಹೆಸರು. ಎರಡಕ್ಕೂ ಅನ್‌ಲಿಮಿಟೆಡ್ ನೆಟ್. ಬಿಲ್ಲನ್ನು ಸಂಬಳದಲ್ಲೇ ಹಿಡಿದುಕೊಳ್ಳುತ್ತಿದ್ದರು. ಉಳಿದವರು ಸಿನಿಮಾ ನೋಡಲು ತೆಗೆದುಕೊಂಡರು. ನಾನು ಮುಂದೆ ಕ್ಯಾಮೆರಾ ಇರುವ ಎರಡು ಫೋನು ಹೊಂದಿಸಿಕೊಂಡು, ಅವಳಿಗೊಂದು ಕೊಟ್ಟು, ನಿಯಮ ಮಾಡಿದೆ.

ನಿಯಮ ಇಷ್ಟೇ. ಹಳಿಯ ಹತ್ತಿರ ಬಂದ ಕೂಡಲೇ ಅವಳು ವಿಡಿಯೋ ಕಾಲ್ ಮಾಡಬೇಕು. ನಾನು ಇಲ್ಲಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಕಡೆಯ ಸದ್ದು ಕೇಳುತ್ತೇನೆ. ಕೂಗು ಇಲ್ಲ, ಗಡಗಡ ಇಲ್ಲ ಎಂದು ಖಾತ್ರಿಯಾದ ಮೇಲೆ ಅಂಗೈ ಮುಂದೆ ತಳ್ಳಿ ನಡೆ ಎನ್ನುತ್ತೇನೆ. ಏನಾದರೂ ಕೇಳಿಸಿದರೆ ಮುಷ್ಟಿ ತೋರಿಸುತ್ತೇನೆ, ಅಂದರೆ ನಿಲ್ಲು. ಅವಳು ನನ್ನ ಕೈಯನ್ನೇ ನೋಡುತ್ತ ದಾಟಬೇಕು, ದಾಟಿ ಮುಗಿಯುವ ತನಕ ಫೋನು ಇಡಬಾರದು. ನನ್ನ ಕಿವಿಯನ್ನು ಅವಳ ಕೈಗೆ ಕೊಟ್ಟು ಕಳಿಸಿದಂತಾಯಿತು ಎಂದು ನಾನು ಬೀಗಿದೆ. ಅವಳು ನಕ್ಕಳು. ಟ್ರಾಫಿಕ್ ಪೊಲೀಸಪ್ಪ, ಸೀಟಿ ಒಂದು ಇಲ್ಲ ನಿನಗೆ ಎಂದಳು. ಆದರೂ ಒಪ್ಪಿದಳು.

ಯಂತ್ರದ ಹತ್ತಿರ ಫೋನು ತರುವಂತಿರಲಿಲ್ಲ, ಇನ್ಸ್‌ಪೆಕ್ಷನ್ ಟೇಬಲ್ಲಿಗೆ ಮಾತ್ರ ಅಷ್ಟು ಬಿಗಿ ಇರಲಿಲ್ಲ. ಅಳೆಯುವ ವಸ್ತು ಉರುಳದಂತೆ ಕೂರಿಸಲು ನಮ್ಮಲ್ಲಿ ಮೇಲೆ ವಿ ಆಕಾರದ ತೋಡು ಕೊರೆದ ಒಂದು ಕಬ್ಬಿಣದ ದಿಮ್ಮಿ ಇರುತ್ತದೆ. ಅದರಲ್ಲಿ ಫೋನನ್ನು ನಿಲ್ಲಿಸಿ ನಾನು ಕಾಯುತ್ತಿದ್ದೆ. ಎಂಟೂವರೆಯ ಸುಮಾರಿಗೆ ಟೀ ಬರುತ್ತಿತ್ತು. ಎಲ್ಲರೂ ಲೋಟ ಹಿಡಿದು ಹರಟುವಾಗ ನನ್ನ ಟೀ ಆರಿ ಕೆನೆ ಕಟ್ಟುತ್ತಿತ್ತು. ಪರದೆಯ ಮೇಲೆ ಅವಳ ಮುಖ, ಮುಖದ ಹಿಂದೆ ಆಕಾಶ, ಕಿವಿಯಲ್ಲಿ ಜಲ್ಲಿಕಲ್ಲಿನ ಮೇಲೆ ನಡೆಯುವ ಚಪ್ಪಲಿಗಳ ಸದ್ದು. ಆಚೆ ತಲುಪಿದ ಕೂಡಲೇ ಅವಳು ಹುಬ್ಬು ಹಾರಿಸಿ ಸಂಪರ್ಕ ಕಡಿಯುತ್ತಿದ್ದಳು. ಆಮೇಲೆ ನಾನು ಉಸಿರು ಬಿಡುತ್ತಿದ್ದೆ.

ಪಕ್ಕದ ಟೇಬಲ್ಲಿನ ಗೆಳೆಯ ಬೆಂಗಳೂರಿನವನೇ, ದಾಸರಹಳ್ಳಿಯವನು. ಮೊದಮೊದಲು ಅವನಿಗೆ ಇದು ತಮಾಷೆ. "ಏನ್ ಗುರು, ದಿನಾ ಬೆಳಗ್ಗೆ ಹೆಂಡ್ತಿಗೆ ಆಶೀರ್ವಾದ ಮಾಡ್ತೀಯಾ?" ಎಂದು ನನ್ನ ಅಂಗೈ ನೋಡಿ ನಗುತ್ತಿದ್ದ. ವಿಷಯ ತಿಳಿದ ಮೇಲೆ ನಗುವುದು ಬಿಟ್ಟ. ಆ ಹೊತ್ತಿಗೆ ಸೂಪರ್‌ವೈಸರ್ ನಮ್ಮ ಕಡೆ ಬಂದರೆ ಏನೋ ನೆಪ ಹೇಳಿ ಅವರನ್ನು ಇನ್ನೊಂದು ಕಡೆ ಎಳೆದುಕೊಂಡು ಹೋಗುತ್ತಿದ್ದ.

ಹೀಗೆ ನಡೆಯುತ್ತಿರುವಾಗ ಒಂದು ದಿನ ಟೈಮ್ ಆಫೀಸಿನ ಅಧಿಕಾರಿ ಎಲ್ಲರನ್ನೂ ಕರೆದು ಹೇಳಿದರು. "ಫೋನ್ ಕಂಪನಿಯವ್ರು ಈ ಪ್ಲಾನ್ ಕ್ಲೋಸ್ ಮಾಡಿದಾರೆ. ಹೊಸಬರಿಗೆ ಸಿಗಲ್ಲ. ನಿಮಗೆಲ್ಲ ಹಳೇದು ಹಂಗೇ ಕಂಟಿನ್ಯೂ ಆಗತ್ತೆ. ಆದ್ರೆ ಯಾರೂ ಏನೂ ಚೇಂಜ್ ಮಾಡ್ಬೇಡಿ, ಒಂದ್ಸಲ ಹೋದ್ರೆ ಹೋಯ್ತು. ಕೆಲಸ ಬಿಟ್ಟೋರು ಎರಡೂ ನಂಬರ್ ಸರೆಂಡರ್ ಮಾಡ್ಬೇಕು, ಅದು ಫ್ಯಾಕ್ಟರಿ ಹೆಸರಲ್ಲಿರೋದು."

ಉಳಿದವರು ತಲೆಯಾಡಿಸಿ ಹೋದರು. ನಾನು ಹೋಗದೆ, ಆ ಮಾತನ್ನು ಅವರಿಂದ ಇನ್ನೊಮ್ಮೆ ಹೇಳಿಸಿದೆ. ಆಗ ಹೊರಗಡೆ ನೆಟ್ ಎಂದರೆ ಹನಿಹನಿಯಾಗಿ ಅಳೆದು ಕೊಡುತ್ತಿದ್ದರು. ಪ್ಯಾಕು ಮಧ್ಯದಲ್ಲೇ ಮುಗಿದು ಚಿತ್ರ ನಿಂತುಹೋಗುತ್ತಿತ್ತು. ಕಿವಿ ಇದ್ದವರಿಗೆ ನೆಟ್ ಹೋದರೆ ಮಾತು ಉಳಿಯುತ್ತದೆ. ನಮಗೆ ಉಳಿಯುವುದು ಏನೂ ಇಲ್ಲ. ಹಳಿಯ ನಡುವೆ ಅವಳಿದ್ದಾಗ ಪ್ಯಾಕು ಮುಗಿದರೆ ಎಂದು ಯೋಚಿಸಿದ ದಿನ ನಾನು ಸರಿ ಇದ್ದ ಒಂದು ಟ್ರೇ ಪೂರ್ತಿ ಕೆಟ್ಟದ್ದರ ಕಡೆ ಹಾಕಿಬಿಟ್ಟಿದ್ದೆ.

ಅಲ್ಲಿಂದ ಶುರುವಾಯಿತು ಕಾವಲು. ಫೋನ್ ಕಂಪನಿಯಿಂದ ಹೆಣ್ಣುಮಕ್ಕಳು ಕರೆ ಮಾಡಿ, ಸಾರ್ ನಿಮಗೊಂದು ಒಳ್ಳೆ ಆಫರ್ ಇದೆ ಎಂದರೆ ನನ್ನ ಬೆನ್ನು ಬೆವರುತ್ತಿತ್ತು. ಹ್ಞೂಂ ಎಂದರೆ ಪ್ಲಾನ್ ಬದಲಾಗಿಬಿಡುತ್ತದೇನೋ ಎಂದು ಬಾಯಿ ಮುಚ್ಚಿಕೊಂಡು ಕರೆ ಕಡಿಯುತ್ತಿದ್ದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಯಂತ್ರದ ದನಿ ಬಂದರೆ ಫೋನನ್ನು ಹಾವು ಹಿಡಿದ ಹಾಗೆ ದೂರ ಹಿಡಿಯುತ್ತಿದ್ದೆ. ಓನರಮ್ಮನ ಮೊಮ್ಮಕ್ಕಳು ಆಟವಾಡಲು ಫೋನು ಕೇಳಿದರೆ ಗದರಿಸಿ ಕಳಿಸುತ್ತಿದ್ದೆ. ಹೆಂಡತಿಗಂತೂ ಬರುವ ಯಾವ ಮೆಸೇಜನ್ನೂ ತೆರೆಯಕೂಡದು ಎಂದು ಆಣೆ ಹಾಕಿಸಿದ್ದೆ. ಅವಳು ಅದಕ್ಕೂ ನಕ್ಕಳು. ಮಗುವನ್ನು ದೃಷ್ಟಿಯಾಗದಂತೆ ಕಾಯುವ ಹಾಗೆ ಕಾಯುತ್ತೀಯಲ್ಲ ಇದನ್ನು ಎಂದಳು.

ಅವಳ ಫೋನು ಕೆಟ್ಟು ಬೇರೆಯದು ತಂದಾಗ ಅದಕ್ಕೆ ಸಣ್ಣ ಸಿಮ್ ಬೇಕಾಯಿತು. ಹೊಸ ಸಿಮ್ ಕೇಳಿದರೆ ಪ್ಲಾನ್ ಹೋದರೆ? ಹಳೆಯದನ್ನೇ ಕತ್ತರಿಸೋಣ ಎಂದು ಅಂಗಡಿಯವನು ಸ್ಟೇಪ್ಲರಿನಂಥ ಒಂದು ಯಂತ್ರ ತೆಗೆದ. ನಾನು ಗಾಜಿನ ಕೌಂಟರ್ ಹಿಡಿದು ನಿಂತೆ. "ಅಣ್ಣ, ಸ್ವಲ್ಪ ಹಿಂದೆ ಸರೀರಿ, ಬೆವರು ಸಿಮ್ ಮೇಲೆ ಬೀಳ್ತೈತೆ" ಎಂದ ಅವನು. ಟಕ್ ಎಂದು ಸದ್ದಾದಾಗ ಕಣ್ಣು ಮುಚ್ಚಿಕೊಂಡಿದ್ದೆ. ಸಿಗ್ನಲ್ ಬಂದ ಮೇಲೆ ಅವನು ಕುಡಿಯಲು ನೀರು ಕೊಟ್ಟ.

ಕೆಲಸವನ್ನೂ ನಾನು ಅದೇ ಭಯದಲ್ಲಿ ಹಿಡಿದುಕೊಂಡೆ. ಮಾಕಳಿಯ ಹತ್ತಿರದ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ಇನ್‌ಚಾರ್ಜ್ ಜಾಗ ಖಾಲಿಯಾಗಿತ್ತು. ದಾಸರಹಳ್ಳಿಯ ಗೆಳೆಯನೇ ಮಾತಾಡಿ ಇಟ್ಟಿದ್ದ. ನಾನು ಬೇಡವೆಂದೆ. ಅವನು ಹಣೆ ಚಚ್ಚಿಕೊಂಡ.

"ಮಗಾ, ಜನ ಸಂಬಳಕ್ಕೆ ಕೆಲಸದಲ್ಲಿ ಇರ್ತಾರೆ, ನೀನು ನೆಟ್ಟಿಗೆ ಇದೀಯಲ್ಲೋ!"

"ಇರ್ಲಿ ಬಿಡಪಾ. ನಂಬರ್ ಕೊಟ್ಟು ಹೋಗಂದ್ರ ನಾ ಹೆಂಗ ಹೋಗ್ಲಿ?" ಎಂದೆ.

ಇನ್‌ಚಾರ್ಜ್ ಆಗಲಿಲ್ಲ ಎಂಬ ಬೇಸರ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇದ್ದದ್ದು ಒಂದೇ ಭಯ. ಕಾರ್ಖಾನೆ ಮುಚ್ಚುತ್ತದೆ ಎಂಬ ಗಾಳಿಸುದ್ದಿ ಆಗಾಗ ಏಳುತ್ತಿತ್ತು. ಆಗ ಎಲ್ಲರೂ ಲೆಕ್ಕಾಚಾರಕ್ಕೆ ಇಳಿದರೆ ನಾನು ಮಾತ್ರ ಜೇಬು ಮುಟ್ಟಿ ಫೋನು ನೋಡಿಕೊಳ್ಳುತ್ತಿದ್ದೆ.

ಆಮೇಲೆ ಕಾಲ ಬದಲಾಯಿತು. ಹೊಸದೊಂದು ಕಂಪನಿ ಬಂದು ನೆಟ್ಟನ್ನು ಪ್ರಸಾದದ ಹಾಗೆ ಹಂಚಿತು. ಟೀ ಹೊತ್ತಿನಲ್ಲಿ ಎಲ್ಲರ ಕೈಯಲ್ಲೂ ಓಡುವ ಚಿತ್ರಗಳು. ನಮ್ಮ ಹಳೆಯ ನಂಬರುಗಳನ್ನು ಒಬ್ಬೊಬ್ಬರೇ ಟೈಮ್ ಆಫೀಸಿಗೆ ಒಪ್ಪಿಸಿ ಬಂದರು. ನಾನು ಕೊಡಲಿಲ್ಲ. ಪುಕ್ಕಟೆ ಬಂದದ್ದು ಯಾವ ದಿನ ನಿಲ್ಲುತ್ತದೋ ಯಾರಿಗೆ ಗೊತ್ತು. ನಮ್ಮದು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಆದರೆ ಅದೇ ದಿನಗಳಲ್ಲಿ ನಮ್ಮ ಹಳೆಯ ಪ್ಲಾನಿನ ನೆಟ್ ಕುಂಟತೊಡಗಿತು. ಯಾಕೆಂದು ನನಗೆ ಇವತ್ತಿಗೂ ತಿಳಿಯದು. ಅವಳ ಮುಖ ಒಮ್ಮೊಮ್ಮೆ ಚೌಕ ಚೌಕವಾಗಿ ಒಡೆಯುತ್ತಿತ್ತು, ತುಟಿ ನಿಂತು ಕಣ್ಣು ಮಾತ್ರ ಅಲುಗುತ್ತಿತ್ತು, ಮತ್ತೆ ಸರಿಹೋಗುತ್ತಿತ್ತು.

"ಗುರು, ಬಿಸಾಕೋ ಅದನ್ನ. ಹೊಸ ಸಿಮ್ ಹಾಕು, ಸಕ್ಕತ್ ಸ್ಪೀಡ್" ಎಂದ ಗೆಳೆಯ.

"ಮುಂದಿನ ತಿಂಗಳ ನೋಡೋಣು" ಎಂದೆ. ಆ ಮುಂದಿನ ತಿಂಗಳು ಬರುತ್ತಲೇ ಇತ್ತು.

ಅದು ಮೋಡ ಕವಿದ ಒಂದು ಬೆಳಗು. ಟೀ ಬಂದಿತ್ತು. ಅವಳು ಕರೆ ಮಾಡಿದಳು. ತಲೆಗೆ ಸ್ಕಾರ್ಫ್ ಕಟ್ಟಿದ್ದಳು, ಹಿಂದೆ ಬೂದು ಆಕಾಶ. ನಾನು ಕಿವಿಗೊಟ್ಟೆ. ಯಾರೋ ಇಬ್ಬರು ಹೆಂಗಸರು ಸೊಪ್ಪಿನ ವಿಷಯ ಮಾತಾಡುತ್ತಿದ್ದರು, ನಾಯಿ ಬೊಗಳುತ್ತಿತ್ತು, ಇನ್ನೇನೂ ಇರಲಿಲ್ಲ. ಅಂಗೈ ಮುಂದೆ ತಳ್ಳಿದೆ, ನಡೆ. ಅವಳು ತಲೆಯಾಡಿಸಿ ಹೆಜ್ಜೆ ಇಟ್ಟಳು. ಆ ಕ್ಷಣ ನನ್ನ ಪರದೆಯ ಮೇಲೆ ಅವಳ ಮುಖ ನಿಂತುಹೋಯಿತು. ಕಣ್ಣು ಅರ್ಧ ಮುಚ್ಚಿದ ಹಾಗೆ, ತಲೆ ಸ್ವಲ್ಪ ವಾಲಿದ ಹಾಗೆ. ಚಿತ್ರ ನಿಂತರೂ ಸದ್ದು ಬರುತ್ತಲೇ ಇತ್ತು. ಜಲ್ಲಿಯ ಮೇಲೆ ಅವಳ ಚಪ್ಪಲಿ ಸರಸರ ಎನ್ನುವುದು ನನಗೆ ಚೆನ್ನಾಗಿ ಕೇಳುತ್ತಿತ್ತು.

ಆಗ ರೈಲು ಕೂಗಿತು.

ತಿರುವಿನ ಆಚೆಯ ಕೂಗು ಅದಲ್ಲ, ಹತ್ತಿರದ್ದು. ನಾನು ಮುಷ್ಟಿ ಎತ್ತಿದೆ. ಎತ್ತಿದ ಮುಷ್ಟಿಯನ್ನು ಕ್ಯಾಮೆರಾದ ಮೂಗಿಗೇ ಹಿಡಿದೆ. ಪರದೆಯ ಮೇಲೆ ಅವಳ ಮುಖ ಅಲುಗಲಿಲ್ಲ. ನನ್ನ ಚಿತ್ರವೂ ಅವಳ ಕೈಯಲ್ಲಿ ಹೀಗೇ ನಿಂತಿರಬಹುದು ಎಂದು ಹೊಳೆದದ್ದು ಆಗ. ಅಲ್ಲಿ ನಾನು ಇನ್ನೂ ಅಂಗೈ ಮುಂದೆ ಮಾಡಿ ನಡೆ, ನಡೆ ಎನ್ನುತ್ತಲೇ ಇದ್ದೇನೆ! "ನಿಲ್ಲ! ಏ ನಿಲ್ಲ!" ಎಂದು ಒದರಿದೆ. ಹುಟ್ಟಿದಾಗಿನಿಂದ ಒಂದು ಸದ್ದೂ ಕೇಳದವಳಿಗೆ ಗಂಟಲು ಹರಿಯುವ ಹಾಗೆ ಒದರಿದೆ. ಇಡೀ ವಿಭಾಗ ತಿರುಗಿ ನೋಡಿತು. ಇಯರ್‌ಫೋನಿನಲ್ಲಿ ಜನ ಕಿರುಚುವುದು ಕೇಳಿತು, ಆಮೇಲೆ ರೈಲಿನ ಗಡಗಡ ಎಲ್ಲವನ್ನೂ ನುಂಗಿತು, ಆಮೇಲೆ ಸಂಪರ್ಕ ಕಡಿದುಹೋಯಿತು.

ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ. ಗೆಳೆಯ ತೋಳು ಹಿಡಿದು ಎಬ್ಬಿಸಿದ. ಗೇಟ್ ಪಾಸ್ ಕೇಳಿದ ಸೆಕ್ಯುರಿಟಿಯವರಿಗೆ ಅವನು ಏನು ಹೇಳಿದನೋ ತಿಳಿಯದು, ಬೈಕು ಹೊರಗೆ ಬಂದಿತ್ತು. ನಾನು ಹಿಂದೆ ಕೂತು ಅವಳ ನಂಬರಿಗೆ ಮತ್ತೆ ಮತ್ತೆ ಕರೆ ಮಾಡುತ್ತಿದ್ದೆ. ಸ್ವಿಚ್ ಆಫ್. ನಾನು ದೇವರಿಗೆ ಹರಕೆ ಹೊರಲೂ ಇಲ್ಲ, ಹರಕೆಗೆ ಬೇಕಾದಷ್ಟು ಮಾತು ಕೂಡ ತಲೆಯಲ್ಲಿ ಜೋಡಿಸಿಕೊಳ್ಳಲು ಆಗುತ್ತಿರಲಿಲ್ಲ. ಹೆಸರಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಗೆಳೆಯ ಎಲ್ಲರನ್ನೂ ಬೈಯುತ್ತ ನುಗ್ಗಿಸಿದ. "ಏನೂ ಆಗಿರಲ್ಲ ಕಣೋ, ಏನೂ ಆಗಿರಲ್ಲ" ಎಂದು ಅವನು ಹೇಳಿದಷ್ಟೂ ನನಗೆ ಏನೋ ಆಗಿದೆ ಎನ್ನುವುದು ಗಟ್ಟಿಯಾಗುತ್ತಿತ್ತು.

ಹಳಿಯ ಹತ್ತಿರ ಗುಂಪು ಇರಲಿಲ್ಲ. ಜನ ಎಂದಿನಂತೆ ದಾಟುತ್ತಿದ್ದರು. ನನಗೆ ಹಳಿಯ ಕಡೆ ನೋಡುವ ಧೈರ್ಯ ಬರಲಿಲ್ಲ, ಗೆಳೆಯನೇ ಹೋಗಿ ನೋಡಿದ. ಬೇಲಿಯ ಪಕ್ಕ ಸೊಪ್ಪು ಮಾರುವ ಒಬ್ಬ ಅಜ್ಜಿ ಕೂತಿದ್ದರು. ಕೇಳಿದೆ. ನನ್ನ ಬಾಯಿಂದ ಪೂರ್ತಿ ವಾಕ್ಯ ಬರಲಿಲ್ಲ, ಅವರಿಗೆ ಅರ್ಥವಾಯಿತು.

"ಏನೂ ಆಗಿಲ್ಲ ಕಣಪ್ಪ. ಒಂದು ಎಣ್ಣುಮಗ ಫೋನ್ ನೋಡ್ಕಂಡು ಬತ್ತಿತ್ತು. ನಾವೆಲ್ಲ ಕೂಗ್ಕಂಡ್ವಿ, ತಲೆ ಎತ್ತಿ ನೋಡ್ಬೇಕಲ್ಲ! ಆಮೇಕೆ ಈ ಕಡೆ ನಿಂತಿದ್ದೋರೆಲ್ಲ ಕೈ ಬೀಸಿದ್ವಿ ನೋಡು, ಅದೇನ್ ಕಂಡ್ತೋ, ಇಂದಕ್ಕೆ ಆರ್‌ಬುಡ್ತು. ಈಗಿನ್ ಎಣ್ಣುಮಕ್ಳಿಗೆ ಫೋನ್ ಇದ್ರೆ ಪ್ರಾಣವೂ ಬ್ಯಾಡ."

ಅಜ್ಜಿ ನನ್ನ ಮುಖ ನೋಡಿ, "ನಿನ್ಗೇನಾಗ್ಬೇಕಪ್ಪ ಆ ಮಗ?" ಎಂದರು. ನಾನು ಆಗಲೇ ಓಡುತ್ತಿದ್ದೆ.

ಟೈಲರಿಂಗ್ ಘಟಕದ ಕಿಟಕಿಯಿಂದ ಇಣುಕಿದೆ. ಅವಳು ತನ್ನ ಯಂತ್ರದ ಮುಂದೆ ಕೂತು ನೀಲಿ ಚಡ್ಡಿಗೆ ಪಟ್ಟಿ ಹೊಲಿಯುತ್ತಿದ್ದಳು. ಬೆನ್ನು ನೆಟ್ಟಗಿತ್ತು. ಪಕ್ಕದವಳು ತಿವಿದು ತೋರಿಸಿದ ಮೇಲೆ ನನ್ನನ್ನು ಕಂಡಳು. ಹುಬ್ಬು ಗಂಟಿಕ್ಕಿ, ಯಾಕೆ ಬಂದೆ, ಅರ್ಧ ದಿನದ ರಜೆ ಹಾಕಿದೆಯಾ, ಹೋಗು ಎಂದಳು. ನಾನು ಕಿಟಕಿಯ ಸರಳು ಹಿಡಿದು ಅತ್ತೆ. ಒಳಗಿದ್ದ ಹೆಂಗಸರೆಲ್ಲ ಹೊಲಿಗೆ ನಿಲ್ಲಿಸಿ ನನ್ನನ್ನು ನೋಡಿದರು. ನಾಚಿಕೆಯಾಗಲಿಲ್ಲ.

ಸಂಜೆ ಬೆಳಕಿರುವಾಗಲೇ ಅವಳು ಮನೆಗೆ ಬಂದಳು. ಗೇಟಿನ ಕಡೆಯಿಂದ ಸುತ್ತು ಹಾಕಿ ನಾನೇ ಕರೆತಂದೆ. ಓನರಮ್ಮ ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಮ್ಮ ಮುಖ ನೋಡಿ ಮೊರ ಎತ್ತಿಕೊಂಡು ಒಳಗೆ ಹೋದರು. ಹೆಂಡತಿ ಜಗುಲಿಯ ಮೇಲೆ ನನ್ನೆದುರು ಕೂತು, ಬೆಳಗ್ಗೆ ಆದದ್ದನ್ನು ಹೇಳಿದಳು.

ನಿನ್ನ ಕೈ ನಡೆ ಎನ್ನುತ್ತಿತ್ತು. ನಾನು ನಡೆದೆ. ಮೊದಲ ಹಳಿ ದಾಟುವಾಗ ಅಂಗಾಲಿನಲ್ಲಿ ನೆಲ ನಡುಗಿತು. ನನಗೆ ಅದು ಗೊತ್ತು, ನಿನ್ನ ಫೋನು ಬರುವ ಮೊದಲು ನಾನು ಅದನ್ನೇ ನಂಬಿ ದಾಟುತ್ತಿದ್ದೆ. ಕಾಲು ರೈಲು ಎಂದಿತು, ನಿನ್ನ ಕೈ ನಡೆ ಎಂದಿತು. ಯಾವುದನ್ನು ನಂಬಬೇಕೋ ತಿಳಿಯಲಿಲ್ಲ. ನಿನ್ನ ಕೈಯನ್ನೇ ನಂಬಿದೆ, ಇನ್ನೊಂದು ಹೆಜ್ಜೆ ಇಟ್ಟೆ. ಪರದೆಯ ಅಂಚಿನ ಆಚೆ ಏನೋ ಅಲುಗಿತು ಎಂದು ತಲೆ ಎತ್ತಿದೆ. ಆಚೆ ದಡದಲ್ಲಿ ನಿಂತವರೆಲ್ಲ ಕೈ ಆಡಿಸುತ್ತಿದ್ದರು. ಹಿಂದಕ್ಕೆ ಹಾರಿದೆ, ಫೋನು ಜಲ್ಲಿಯ ಮೇಲೆ ಬಿದ್ದು ಆಫ್ ಆಯಿತು. ಅಷ್ಟು ಜನ ಒಟ್ಟಿಗೆ ನನ್ನ ಭಾಷೆ ಮಾತಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಇಷ್ಟು ಹೇಳಿ ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ನಾನು ಸುಮ್ಮನಿರಲಿಲ್ಲ, ಪುಕ್ಕಲರು ಸುಮ್ಮನಿರುವುದಿಲ್ಲ. ಜೇಬಿನಿಂದ ಎರಡು ಹೊಸ ಸಿಮ್ ತೆಗೆದೆ. ಅವನ್ನು ಗೆಳೆಯ ಮಧ್ಯಾಹ್ನವೇ ಕೊಡಿಸಿದ್ದ. ಇದು ಬಹಳ ವೇಗ, ಇದರಲ್ಲಿ ಚಿತ್ರ ನಿಲ್ಲುವುದಿಲ್ಲ, ಹಳೆಯ ನಂಬರನ್ನು ನಾಳೆಯೇ ಕೊಟ್ಟುಬಿಡುತ್ತೇನೆ, ನಾಳೆಯಿಂದ ಇದರಲ್ಲಿ ಕರೆ ಮಾಡು ಎಂದೆ. ನಾನು ಕೈ ಬೀಸಿ ಬೀಸಿ ಹೇಳುತ್ತಿರುವಾಗಲೇ ಅವಳು ನನ್ನ ಎರಡೂ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಕಿವಿ ಇದ್ದವರ ಬಾಯಿ ಮುಚ್ಚುವ ಹಾಗೆ ಅದು. ಆಮೇಲೆ ಬಿಟ್ಟು, ನಿಧಾನವಾಗಿ ಹೇಳಿದಳು.

ತಪ್ಪು ನೆಟ್ಟಿನದಲ್ಲ. ಮೊದಲು ಹಳಿ ದಾಟುವಾಗ ನನಗೆ ಪ್ರತಿ ದಿನ ಹೆದರಿಕೆಯಾಗುತ್ತಿತ್ತು. ಆ ಕಡೆ ನೋಡುತ್ತಿದ್ದೆ, ಈ ಕಡೆ ನೋಡುತ್ತಿದ್ದೆ, ಜನರ ಮುಖ ನೋಡುತ್ತಿದ್ದೆ, ನೆಲ ಮುಟ್ಟಿ ನೋಡುತ್ತಿದ್ದೆ. ನೀನು ಬಂದು ಎಲ್ಲ ಹೆದರಿಕೆಯನ್ನೂ ನೀನೇ ಇಟ್ಟುಕೊಂಡೆ. ನಾನು ಹೆದರುವುದನ್ನು ಬಿಟ್ಟೆ. ಇವತ್ತು ಹಳಿಯ ಮೇಲೆ ನನಗೆ ಒಂಚೂರೂ ಹೆದರಿಕೆ ಇರಲಿಲ್ಲ. ನನ್ನ ಹೆದರಿಕೆ ನನಗೆ ವಾಪಸು ಕೊಡು.

ಅವಳು ಅಂಗೈ ಚಾಚಿದಳು. ನೀನು ಹೆದರಿದರೂ ನನ್ನದು ಹೋಗುವುದಿಲ್ಲವಲ್ಲ ಎಂದೆ. ನಿನ್ನದು ನೀನು ಇಟ್ಟುಕೋ, ಯಾರು ಬೇಡ ಎಂದರು ಎಂದಳು.

ಮರುದಿನ ಎರಡೂ ಸಿಮ್ಮುಗಳನ್ನು ಟೈಮ್ ಆಫೀಸಿನ ಮೇಜಿನ ಮೇಲಿಟ್ಟೆ. ಹಿಂದಿನ ದಿನ ಪಾಸಿಲ್ಲದೆ ಓಡಿದ್ದಕ್ಕೆ ಬೈಯಬೇಕಾಗಿದ್ದ ಅಧಿಕಾರಿ ಬೈಯಲಿಲ್ಲ, ವಿಷಯ ಅವರಿಗೂ ತಲುಪಿತ್ತು. "ನೀವೇ ಲಾಸ್ಟು ಕಣ್ರೀ. ನಿಮ್ಮದೊಂದು ಉಳ್ದಿತ್ತು" ಎಂದು ಅವನ್ನು ಡ್ರಾಯರಿಗೆ ಹಾಕಿಕೊಂಡರು. ಇಷ್ಟು ವರ್ಷ ಕಾದದ್ದು ಅಷ್ಟು ಹಗುರವಾಗಿ ಡ್ರಾಯರಿಗೆ ಹೋಯಿತು. ಮಾಕಳಿಯಲ್ಲಿ ಮತ್ತೆ ಜಾಗ ಖಾಲಿ ಇದೆಯೇನೋ ಕೇಳ್ತೀನಿ ಎಂದು ಗೆಳೆಯ ಹೇಳಿದ. ಕೇಳು ಎಂದೆ. ನನಗೆ ಅದರ ಕಡೆ ಗಮನವಿರಲಿಲ್ಲ.

ಎಂಟೂವರೆಯಾಯಿತು. ನನ್ನ ಮುಂದೆ ಪರದೆ ಇಲ್ಲ, ಕಿವಿಯಲ್ಲಿ ಏನೂ ಇಲ್ಲ. ಕೈಯಲ್ಲಿ ವರ್ನಿಯರ್ ಇತ್ತು, ಓದಿದ ಅಳತೆ ತಲೆಗೆ ಇಳಿಯುತ್ತಿರಲಿಲ್ಲ. ಈಗ ಅವಳು ಬೇಲಿ ನುಸುಳಿರಬಹುದು, ಈಗ ಜಲ್ಲಿಯ ಮೇಲಿರಬಹುದು, ಈಗ ನಿಂತಿರಬಹುದು. ನಿಂತಿರಲಿ ದೇವರೇ, ಎಷ್ಟು ಹೊತ್ತಾದರೂ ನಿಂತೇ ಇರಲಿ. ಗೆಳೆಯ ತನ್ನ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತ. ಅಂದಿನ ಭಯದಂಥ ಭಯವನ್ನು ನಾನು ಮತ್ತೆ ಕಂಡಿಲ್ಲ. ಅದಕ್ಕೆ ನೋಡಲು ಒಂದು ಮುಖವೂ ಇರಲಿಲ್ಲ, ಎತ್ತಲು ಒಂದು ಮುಷ್ಟಿಯೂ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಫೋನು ಮಿಡಿಯಿತು. ಅವಳ ಹೊಸ ನಂಬರಿನಿಂದ ಮೆಸೇಜು. ಅವಳು ಬರೆಯುವುದು ಯಾವಾಗಲೂ ಮೂರು ನಾಲ್ಕು ಪದ.

"ದಾಟಿದೆ. ತುಂಬಾ ಹೆದರಿಕೆ ಆಯ್ತು."

ಓದಿದ ಕೂಡಲೇ ನನಗೆ ಹೋದ ಜೀವ ಬಂತು. ಅವಳು ಹೆದರಿದಳಂತೆ, ಚೆನ್ನಾಗಿ ಹೆದರಿದಳಂತೆ ಎಂದು ಗೆಳೆಯನ ಭುಜ ಹಿಡಿದು ಕುಲುಕಿದೆ.